ಕೈವಾರ, ಕಲಮು ಮತ್ತು ಭಾನುವಾರದ ಬೆಳಿಗ್ಗೆ

ಅಕೌಂಟೆನ್ಸಿ ನೋಟ್‌ಬುಕ್ಕಿನ ಕೊನೆಯ ಪುಟ ನಮಗೆಲ್ಲ ಗೊತ್ತಿರುವ ಜಾಗ. ಪೆನ್ನು ಓಡುತ್ತದೋ ಇಲ್ಲವೋ ನೋಡುವುದು ಅಲ್ಲೇ, ಪಾಠ ತಲೆಗೆ ಹತ್ತದಾಗ ಗೆರೆ ಎಳೆಯುತ್ತ ಕೂರುವುದೂ ಅಲ್ಲೇ. ನನ್ನ ನೋಟ್‌ಬುಕ್ಕಿನಲ್ಲಿ ಆ ಕೊನೆಯ ಪುಟ ಹಿಂದಿನಿಂದ ಮುಂದಕ್ಕೆ ಬೆಳೆಯುತ್ತಾ ಬಂದು ಒಂದು ದಿನ ಪಾಲುದಾರಿಕೆ ಲೆಕ್ಕಗಳನ್ನೇ ಮುಟ್ಟಿತು. ಆ ತಿಂಗಳ ಕಿರುಪರೀಕ್ಷೆಯಲ್ಲಿ 40ಕ್ಕೆ 17 ಬಂತು. ಅಬ್ಬಾ ನೋಟ್‌ಬುಕ್ಕನ್ನು ಹಿಂದಿನಿಂದ ತೆರೆದರು. ನಕ್ಷತ್ರ, ಬಳ್ಳಿ, ಕಮಾನು, ಮತ್ತೆ ನಕ್ಷತ್ರ. "ಇದಕ್ಕೆ ಎಷ್ಟು ಮಾರ್ಕು ಕೊಡ್ತಾರೆ?" ಎಂದಷ್ಟೇ ಕೇಳಿದರು. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ದಾದಾ ಪಕ್ಕದಲ್ಲೇ ಕುಳಿತಿದ್ದರು. ನೋಟ್‌ಬುಕ್ಕನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿ, "ಎಲ್ಲಾ ಅಂದಾಜಿನ ಮೇಲೆ ಎಳೆದಿದ್ದೀಯ ಬೇಟಾ. ಇದು ನಕ್ಷತ್ರ ಅಲ್ಲ, ನಕ್ಷತ್ರದ ಗಾಳಿಸುದ್ದಿ" ಎಂದರು. (ನಮ್ಮ ಮನೆಯಲ್ಲಿ ಮಾತು ಉರ್ದುವಿನಲ್ಲಿ. ಇಲ್ಲಿ ಕನ್ನಡಕ್ಕೆ ತಂದಿದ್ದೇನೆ.) ದಾದಿ ಮಾತ್ರ ನಡುವೆ ಬಂದು, "ಇದರಲ್ಲಿ ಯಾರದೂ ಕಣ್ಣು ಮೂಗು ಬರೆದಿಲ್ಲ ತಾನೆ?" ಎಂದು ವಿಚಾರಿಸಿ, ಇಲ್ಲ ಎಂದು ತಿಳಿದ ಮೇಲೆ ಒಳಗೆ ಹೋದರು.

ಈ ಸಂಚಿಕೆಗೆ ನಿಮಗೆ ಗೊತ್ತಿರುವ ಒಂದು ಕೆಲಸವನ್ನು ಇತರರಿಗೆ ಕಲಿಸುವಂತೆ ಬರೆಯಿರಿ ಎಂದು ಸಂಪಾದಕ ಬಳಗದ ಉಪನ್ಯಾಸಕರು ಹೇಳಿದಾಗ ನನಗೆ ಹೊಳೆದದ್ದು ಆ ನಕ್ಷತ್ರವೇ. ಆದರೆ ಅದನ್ನು ಕಲಿತದ್ದು ಮನೆಯ ಮೇಜಿನ ಮೇಲಲ್ಲ. ಆದ್ದರಿಂದ ಮೊದಲು ಹೊರಗೆ ಹೋಗಬೇಕು.

ದಾದಾ ಮೊದಲು ಕಾತಿಬ್ ಆಗಿದ್ದರು. ಕಾತಿಬ್ ಎಂದರೆ ಉರ್ದು ಪತ್ರಿಕೆ, ಪುಸ್ತಕ, ಮದುವೆ ಪತ್ರಿಕೆಗಳನ್ನು ಅಚ್ಚಿಗಾಗಿ ಕೈಯಲ್ಲಿ ಬರೆದುಕೊಡುವವರು. ಉರ್ದುವಿನ ನಸ್ತಾಲೀಕ್ ಲಿಪಿಯಲ್ಲಿ ಅಕ್ಷರಗಳು ಒಂದರ ಮೇಲೊಂದು ಏರಿ, ಬಲದಿಂದ ಎಡಕ್ಕೆ ಇಳಿಜಾರಾಗಿ ಬರುತ್ತವೆ. ಅದನ್ನು ಅಚ್ಚಿನ ಮೊಳೆಗಳಲ್ಲಿ ಜೋಡಿಸುವುದು ಕಷ್ಟವಾದ್ದರಿಂದ ಉರ್ದು ಪತ್ರಿಕೆಗಳು ಬಹಳ ಕಾಲ ಕೈಬರಹದಲ್ಲೇ ಬಂದವು. ಚೆನ್ನೈಯಲ್ಲಿ 1927ರಲ್ಲಿ ಶುರುವಾದ 'ದಿ ಮುಸಲ್ಮಾನ್' ಪತ್ರಿಕೆ ನಮ್ಮ ಕಾಲದವರೆಗೂ ಹಾಗೆಯೇ ಬರುತ್ತಿತ್ತು. ತೊಂಬತ್ತರ ದಶಕದಲ್ಲಿ ಇನ್‌ಪೇಜ್ ಎಂಬ ಸಾಫ್ಟ್‌ವೇರ್ ಬಂದ ಮೇಲೆ ಕಾತಿಬರ ಕೆಲಸ ಹೋಯಿತು. ದಾದಾ ಒಂದು ಕಿರಾಣಿ ಅಂಗಡಿಯಲ್ಲಿ ಲೆಕ್ಕ ಬರೆಯಲು ಸೇರಿದರು. ಕಲಮುಗಳನ್ನು ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ಹಾಕಿ ಅಲಮಾರಿನ ಮೇಲಿಟ್ಟರು. ನಾನು ಹುಟ್ಟಿದಾಗಿನಿಂದ ಆ ಡಬ್ಬಿ ಕೆಳಗೆ ಇಳಿದದ್ದನ್ನು ಕಂಡಿರಲಿಲ್ಲ. ಅಬ್ಬಾರಿಗೆ ಕಲೆ ಎಂದರೆ ಆ ಡಬ್ಬಿಯೇ ನೆನಪಾಗುತ್ತದೆ ಎಂದು ನನಗೆ ಅರ್ಥವಾದದ್ದು ಈಚೆಗೆ.

ಕೊನೆಗೆ ಒಂದು ಒಪ್ಪಂದವಾಯಿತು. ಭಾನುವಾರ ಬೆಳಿಗ್ಗೆ ಒಂಬತ್ತು ಗಂಟೆಯವರೆಗೆ ದಾದಾರ ಜೊತೆ ಹೊರಗೆ ಹೋಗಬಹುದು. ಮುಂದಿನ ಪರೀಕ್ಷೆಯಲ್ಲಿ 30 ಬರಬೇಕು. ಬರದಿದ್ದರೆ ಕೈವಾರವೂ ಅಲಮಾರಿನ ಮೇಲೆ.

ಮೊದಲ ಭಾನುವಾರ ನಾನು ತಮ್ಮನನ್ನು ಹಿಂದೆ ಕೂರಿಸಿಕೊಂಡು ಸೈಕಲ್ಲಿನಲ್ಲಿ, ದಾದಾ ಆಟೋದಲ್ಲಿ, ಗೋಳಗುಮ್ಮಟಕ್ಕೆ ಹೋದೆವು. ವಿಜಯಪುರದಲ್ಲಿ ಹುಟ್ಟಿದವರು ಗೋಳಗುಮ್ಮಟ ನೋಡುವುದು ನೆಂಟರು ಬಂದಾಗ ಮಾತ್ರ. ಓಡಿ ಮೇಲೆ ಹತ್ತುತ್ತೇವೆ, ಪಿಸುಗುಟ್ಟುವ ಗ್ಯಾಲರಿಯಲ್ಲಿ ಕೂಗುತ್ತೇವೆ, ಇಳಿದು ಬಂದು ಪೇರಲಹಣ್ಣು ತಿನ್ನುತ್ತೇವೆ. ದಾದಾ ನಮ್ಮನ್ನು ಮೆಟ್ಟಿಲ ಕಡೆಗೆ ಬಿಡಲೇ ಇಲ್ಲ. ಒಳಗೆ ಗೋಡೆಯ ಹತ್ತಿರ ಕೂರಿಸಿ, "ಮೇಲೆ ನೋಡು. ಎಷ್ಟು ಕಮಾನು?" ಎಂದರು.

ಎಣಿಸಿದೆ, ತಪ್ಪಿತು, ಮತ್ತೆ ಎಣಿಸಿದೆ. ಎಂಟು.

ಇದು ಮುಹಮ್ಮದ್ ಆದಿಲ್ ಶಾಹನ ಗೋರಿ. ಅವನು ಆಳಿದ್ದು 1627ರಿಂದ 1656ರವರೆಗೆ. ಒಳಗಿನ ಅಂಗಣ ಚೌಕ, ಒಂದೊಂದು ಬದಿ ಸುಮಾರು 41 ಮೀಟರ್, ನಡುವೆ ಒಂದು ಕಂಬವೂ ಇಲ್ಲ. ಮೇಲಿರುವ ಗುಮ್ಮಟವೋ ದುಂಡಗಿದೆ. ಚೌಕದ ಮೇಲೆ ದುಂಡನ್ನು ಕೂರಿಸುವುದು ಹೇಗೆ? ಚೌಕದ ಡಬ್ಬಿಯ ಮೇಲೆ ದುಂಡು ಬಟ್ಟಲು ಬೋರಲು ಹಾಕಿ ನೋಡಿ, ನಾಲ್ಕು ಮೂಲೆಯೂ ಬಯಲಾಗಿರುತ್ತವೆ. ಕಟ್ಟಿದವರು ಗೋಡೆಗಳಿಂದ ಎಂಟು ದೊಡ್ಡ ಕಮಾನುಗಳನ್ನು ಎಬ್ಬಿಸಿ ಒಂದನ್ನೊಂದು ಅಡ್ಡ ಹಾಯುವಂತೆ ಮಾಡಿದರು. ಆ ಕಮಾನುಗಳ ಬುಡಗಳನ್ನು ಕಾಗದದ ನಕ್ಷೆಯಲ್ಲಿ ಗೆರೆ ಎಳೆದು ಕೂಡಿಸಿದರೆ ಎರಡು ಚೌಕಗಳು ಬರುತ್ತವೆ, ಒಂದರ ಮೇಲೊಂದನ್ನು ತಿರುಗಿಸಿ ಇಟ್ಟಂತೆ. ನಡುವೆ ಎಂಟು ಮೂಲೆಯ ಜಾಗ ಉಳಿಯುತ್ತದೆ. ಎಂಟು ಮೂಲೆ ನಾಲ್ಕು ಮೂಲೆಗಿಂತ ದುಂಡಿಗೆ ಹತ್ತಿರ. ಗುಮ್ಮಟದ ಭಾರ ಅಲ್ಲಿಂದ ಗೋಡೆಗೆ ಇಳಿಯುತ್ತದೆ.

ನನ್ನ ನೋಟ್‌ಬುಕ್ಕಿನ ನಕ್ಷತ್ರ ಅಲ್ಲಿ ತಲೆಯ ಮೇಲೆ ನಿಂತಿತ್ತು! ಹದಿನೇಳು ವರ್ಷ ಅದರ ಕೆಳಗೆ ಓಡಾಡಿ, ಕೂಗಿ, ಫೋಟೋ ತೆಗೆಸಿಕೊಂಡು ಬಂದಿದ್ದೆ, ಒಮ್ಮೆಯೂ ಕಂಡಿರಲಿಲ್ಲ. ಆ ಬೆಳಿಗ್ಗೆ ನನಗಾದ ಖುಷಿಯನ್ನು ಹೇಗೆ ಹೇಳಬೇಕೋ ತಿಳಿಯದು. ಟ್ರಯಲ್ ಬ್ಯಾಲೆನ್ಸ್ ಮೊದಲ ಸಲಕ್ಕೇ ತಾಳೆಯಾದಾಗ ಆಗುತ್ತದಲ್ಲ, ಅದರ ಹತ್ತು ಪಟ್ಟು ಎಂದಿಟ್ಟುಕೊಳ್ಳಿ. ಕುತ್ತಿಗೆ ಮಾತ್ರ ಎರಡು ದಿನ ನೋಯಿತು.

ಈಗ ಪಾಠ. ಒಂದು ಎ4 ಹಾಳೆ, ಚೂಪಾದ ಪೆನ್ಸಿಲ್, ಸ್ಕೇಲ್, ಕೈವಾರ ಬೇಕು. (ನಮ್ಮ ಮನೆಯಲ್ಲಿ ಕೈವಾರಕ್ಕೆ ಪರ್ಕಾರ್ ಎನ್ನುತ್ತೇವೆ.) ಕೋನಮಾಪಕ ಬೇಡ. ಅದರಿಂದ 45 ಡಿಗ್ರಿ ಗುರುತು ಹಾಕಿದರೆ ಸುಲಭವಲ್ಲವೇ ಎಂದು ನಾನೂ ಕೇಳಿದ್ದೆ. ಆ ಅಗಲ ಗೆರೆಗಳಲ್ಲಿ ಅರ್ಧ ಡಿಗ್ರಿ ಎಲ್ಲಿ ಹೋಯಿತೋ ತಿಳಿಯುವುದಿಲ್ಲ ಎಂದು ದಾದಾ ಅದನ್ನು ಕಸಿದುಕೊಂಡರು.

ಹಾಳೆಯ ನಡುವೆ 6 ಸೆಂ.ಮೀ. ತ್ರಿಜ್ಯದ ವೃತ್ತ ಎಳೆಯಿರಿ. ಕೇಂದ್ರದ ಮೂಲಕ ಒಂದು ಅಡ್ಡ ಗೆರೆ ಎಳೆದು ಅದು ವೃತ್ತವನ್ನು ಮುಟ್ಟುವ ಎರಡು ಕಡೆ 1 ಮತ್ತು 5 ಎಂದು ಬರೆಯಿರಿ. ಕೈವಾರವನ್ನು 9 ಸೆಂ.ಮೀ.ಗೆ ಅಗಲಿಸಿ 1ರ ಮೇಲೆ ಮುಳ್ಳಿಟ್ಟು ಮೇಲೊಂದು ಕೆಳಗೊಂದು ಕಂಸ ಎಳೆಯಿರಿ, 5ರಿಂದಲೂ ಹಾಗೆಯೇ. ಕಂಸಗಳು ಕತ್ತರಿಸುವ ಎರಡು ಬಿಂದುಗಳನ್ನು ಕೂಡಿಸಿದರೆ ನೆಟ್ಟಗಿನ ಗೆರೆ ಬರುತ್ತದೆ. ಅದು ವೃತ್ತವನ್ನು ಮುಟ್ಟುವಲ್ಲಿ 3 ಮತ್ತು 7. ಕೈವಾರದ ಅಗಲ ಬದಲಿಸದೆ 1 ಮತ್ತು 3ರಿಂದ ವೃತ್ತದ ಹೊರಗೆ ಒಂದನ್ನೊಂದು ಕತ್ತರಿಸುವ ಕಂಸಗಳನ್ನು ಎಳೆಯಿರಿ. ಕತ್ತರಿಸಿದ ಬಿಂದುವಿನಿಂದ ಕೇಂದ್ರವನ್ನು ಹಾಯ್ದು ಆಚೆಯವರೆಗೆ ಗೆರೆ ಎಳೆದರೆ 2 ಮತ್ತು 6 ಸಿಗುತ್ತವೆ. 3 ಮತ್ತು 5ರಿಂದ ಅದನ್ನೇ ಮಾಡಿದರೆ 4 ಮತ್ತು 8. ಇನ್ನು 1-3-5-7 ಕೂಡಿಸಿ, ಒಂದು ಚೌಕ. 2-4-6-8 ಕೂಡಿಸಿ, ಇನ್ನೊಂದು. ಚೌಕದ ಪ್ರತಿ ಬದಿ ಸುಮಾರು 8.5 ಸೆಂ.ಮೀ. ಇದ್ದರೆ ಕೆಲಸ ಸರಿಯಾಗಿದೆ. ಇಂಥ ನಾಲ್ಕು ನಕ್ಷತ್ರಗಳನ್ನು ತುದಿಗೆ ತುದಿ ಮುಟ್ಟುವಂತೆ ಎಳೆದು ನೋಡಿ, ನಡುವೆ ನೀವು ಎಳೆಯದ ಇನ್ನೊಂದು ಆಕೃತಿ ತಾನಾಗಿ ಹುಟ್ಟುತ್ತದೆ. ಅದು ಏನೆಂದು ಹೇಳುವುದಿಲ್ಲ.

ಸರಿಯಾಗಿಲ್ಲದಿದ್ದರೆ? ನನ್ನ ಮೊದಲ ಒಂಬತ್ತು ಹಾಳೆಗಳೂ ಸರಿಯಾಗಲಿಲ್ಲ. ಕೈವಾರದ ತಿರುಪು ಸಡಿಲವಾಗಿದ್ದರೆ ಮುಳ್ಳು ಕೂದಲೆಳೆಯಷ್ಟು ಜಾರುತ್ತದೆ, ಆ ಜಾರಿದ್ದು ಮುಂದಿನ ಪ್ರತಿ ಹೆಜ್ಜೆಯಲ್ಲೂ ಸೇರಿಕೊಂಡು ಎಂಟನೆಯ ಬಿಂದುವಿನಲ್ಲಿ ಎದ್ದು ಕಾಣುತ್ತದೆ. ಲೆಕ್ಕದಲ್ಲಿ ತಾಳೆಪಟ್ಟಿ ಕೂಡದಿದ್ದರೆ ವ್ಯತ್ಯಾಸವನ್ನು ಸಸ್ಪೆನ್ಸ್ ಖಾತೆಗೆ ಹಾಕಿ ಸದ್ಯಕ್ಕೆ ಉಸಿರು ಬಿಡಬಹುದು. ನಕ್ಷತ್ರಕ್ಕೆ ಸಸ್ಪೆನ್ಸ್ ಖಾತೆ ಇಲ್ಲ, ಹಿಂದಕ್ಕೆ ಹೋಗಿ ಯಾವ ಹೆಜ್ಜೆಯಲ್ಲಿ ತಪ್ಪಿತೆಂದು ಹುಡುಕಲೇಬೇಕು. ಹುಡುಕುವ ಆ ಅಭ್ಯಾಸ ಹೇಗೋ ನನ್ನ ಲೆಜರಿಗೂ ಬಂತು. ಮೊದಲು ಉತ್ತರ ಬರದಿದ್ದರೆ ಇಡೀ ಲೆಕ್ಕ ಹೊಡೆದುಹಾಕುತ್ತಿದ್ದೆ.

ಇದನ್ನೇ ಹಗ್ಗ, ಗೂಟ ಹಿಡಿದು ಮೈದಾನದಲ್ಲೂ ಮಾಡಬಹುದು. ಒಂದು ಸಂಜೆ ನಮ್ಮ ತರಗತಿಯ ಐದು ಹುಡುಗಿಯರು ಕಾಲೇಜಿನ ಹಿಂದಿನ ಬಯಲಿನಲ್ಲಿ ಸುಣ್ಣದ ಪುಡಿಯಿಂದ ಮಾಡಿದೆವು. ನೈಲಾನ್ ಹಗ್ಗ ಎಳೆದಷ್ಟೂ ಉದ್ದವಾಯಿತು. ಕೊನೆಯ ಗೆರೆ ಮುಟ್ಟಬೇಕಾದ ಜಾಗಕ್ಕಿಂತ ಒಂದು ಮೊಳ ಆಚೆ ಹೋಯಿತು. ದೈಹಿಕ ಶಿಕ್ಷಣದ ಸರ್ ನಕ್ಕು, ಕಬಡ್ಡಿ ಅಂಕಣ ಅಳೆಯುವ ಟೇಪು ತಂದುಕೊಟ್ಟರು. ಬುರ್ಖಾದ ಅಂಚೆಲ್ಲ ಸುಣ್ಣ ಮಾಡಿಕೊಂಡು ಮನೆಗೆ ಹೋದವಳು ನಾನೊಬ್ಬಳೇ ಅಲ್ಲ.

ಹೊರಗೆ ಚಿತ್ರ ಬರೆಯುವವರಿಗೆ ಎರಡು ಮಾತು. ಬೆಳಿಗ್ಗೆ ಬೇಗ ಹೋಗಿ, ಆಗ ನೆರಳು ಓರೆಯಾಗಿರುತ್ತದೆ, ಕಲ್ಲಿನ ಕೆತ್ತನೆ ಎದ್ದು ಕಾಣುತ್ತದೆ. ಹನ್ನೊಂದರ ಬಿಸಿಲಿಗೆ ಅದೇ ಗೋಡೆ ಸಪ್ಪೆ. ಎರಡನೆಯದು, ಹಾಳೆಗೆ ಕ್ಲಿಪ್ ಹಾಕಿ. ಉಪ್ಪಲಿ ಬುರುಜಿನ ಮೇಲೆ ಇದನ್ನು ಕಲಿತೆ. ಅದು 1584ರ ಕಾವಲು ಬುರುಜು, ಎತ್ತರ ಸುಮಾರು 24 ಮೀಟರ್, ಮೆಟ್ಟಿಲುಗಳು ಹೊರಮೈಯನ್ನು ಸುತ್ತಿಕೊಂಡು ಏರುತ್ತವೆ. ನನಗೆ ಎತ್ತರ ಎಂದರೆ ಭಯ. ಗೋಡೆಯನ್ನು ಕೈಯಲ್ಲಿ ಸವರುತ್ತಾ, ಕೆಳಗೆ ನೋಡದೆ ಹತ್ತಿದೆ. ಮೇಲೆ ಉದ್ದನೆಯ ತೋಪುಗಳ ಪಕ್ಕ ಕುಳಿತು ಊರನ್ನೆಲ್ಲ ಬರೆಯಬೇಕೆಂದು ಹಾಳೆ ತೆಗೆದರೆ ಗಾಳಿ ಅದನ್ನು ಎತ್ತಿಕೊಂಡು ಹೋಯಿತು. ಕೆಳಗಿದ್ದ ಒಬ್ಬರು ಅಜ್ಜ ಹಿಡಿದು, "ಏ ತಂಗಿ, ನಿಂದ ಏನ್ ಇದು?" ಎಂದು ಕೂಗಿದರು. ಭಯ ಮರೆತು ದಡದಡ ಇಳಿದು ಹೋದೆ, ಮತ್ತೆ ಹತ್ತಿದೆ.

ಪರೀಕ್ಷೆ ಬಂತು. 30 ಬರಬೇಕಿತ್ತು, 28 ಬಂತು.

ಅಬ್ಬಾ ಉತ್ತರಪತ್ರಿಕೆಯನ್ನು ಪುಟ ಪುಟ ತಿರುಗಿಸಿ ನೋಡಿದರು. ಏನೂ ಹೇಳಲಿಲ್ಲ. ನಾನು ಕೈವಾರವನ್ನು ಒರೆಸಿ ಬಿಸ್ಕತ್ತಿನ ಡಬ್ಬಿಯ ಪಕ್ಕ ಇಡಲು ಸ್ಟೂಲು ಹಾಕಿಕೊಂಡು ಅಲಮಾರಿನ ಮೇಲೆ ನೋಡಿದರೆ ಡಬ್ಬಿ ಇರಲಿಲ್ಲ. ಭಾನುವಾರ ಫಜರ್ ನಮಾಜಿನ ನಂತರ ಅಬ್ಬಾ ಸ್ಕೂಟರ್ ಹೊರಗೆ ತೆಗೆದು, ದಾದಾರನ್ನು ಕೂರಿಸಿಕೊಂಡು, "ನೀನು ಸೈಕಲ್ ಮೇಲೆ ಬಾ" ಎಂದರು.

ಹೋದದ್ದು ಇಬ್ರಾಹಿಂ ರೋಜಾಕ್ಕೆ. ಒಂದೇ ಜಗುಲಿಯ ಮೇಲೆ ಗೋರಿಯೂ ಮಸೀದಿಯೂ ಎದುರುಬದುರು ನಿಂತಿವೆ. ಎರಡನೆಯ ಇಬ್ರಾಹಿಂ ಆದಿಲ್ ಶಾಹ ಇದನ್ನು ರಾಣಿ ತಾಜ್ ಸುಲ್ತಾನಾಳಿಗಾಗಿ ಎಂದು ಶುರುಮಾಡಿಸಿದ, 1627ರಲ್ಲಿ ತೀರಿಕೊಂಡು ತಾನೂ ಇಲ್ಲಿಯೇ ಮಣ್ಣಾದ. ದಖನಿಯಲ್ಲಿ 'ಕಿತಾಬ್-ಎ-ನೌರಸ್' ಎಂಬ ಹಾಡುಗಳ ಪುಸ್ತಕ ಬರೆದ ದೊರೆ ಇವನೇ. ಗೋರಿಯ ಕಿಟಕಿಗಳಲ್ಲಿ ಜಾಲರಿ ಇದೆ, ಹತ್ತಿರ ಹೋದರೆ ಅದು ಬರೀ ಜಾಲರಿಯಲ್ಲ, ಕಲ್ಲಿನಲ್ಲಿ ಕೊರೆದ ಅರಬ್ಬಿ ಅಕ್ಷರಗಳು. ಅಕ್ಷರಗಳ ಸಂದಿಯಿಂದಲೇ ಒಳಗೆ ಬೆಳಕು ಬರುತ್ತದೆ.

ದಾದಾ ನೆರಳಿನಲ್ಲಿ ಕುಳಿತು ಚೀಲದಿಂದ ಡಬ್ಬಿ ತೆಗೆದರು. ಬೊಂಬೆಯಂತೆ ಸುತ್ತಿಟ್ಟಿದ್ದ ಒಂದು ಜೊಂಡಿನ ಕಲಮನ್ನು ಬಿಚ್ಚಿ ತುದಿಯನ್ನು ಓರೆಯಾಗಿ ಕತ್ತರಿಸಿದರು. ಈ ವಿದ್ಯೆಯಲ್ಲಿ ಅಳತೆಗೆ ಸ್ಕೇಲಿಲ್ಲ, ಕಲಮಿನ ತುದಿಯೇ ಅಳತೆ. ತುದಿಯನ್ನು ಓರೆಯಾಗಿ ಒತ್ತಿದರೆ ವಜ್ರದಾಕಾರದ ಒಂದು ಚುಕ್ಕೆ ಬೀಳುತ್ತದೆ. ಅದಕ್ಕೆ ನುಕ್ತಾ ಎನ್ನುತ್ತಾರೆ. ನಸ್ತಾಲೀಕಿನಲ್ಲಿ ಅಲಿಫ್ ಅಕ್ಷರ ಮೂರು ನುಕ್ತಾ ಎತ್ತರ ಇರಬೇಕು. ಅಕ್ಷರಗಳನ್ನು ಹೀಗೆ ಚುಕ್ಕೆಯಿಂದ ಅಳೆಯುವ ಕ್ರಮವನ್ನು ಹತ್ತನೆಯ ಶತಮಾನದ ಬಗ್ದಾದಿನ ಇಬ್ನ್ ಮುಕ್ಲಾನ ಹೆಸರಿಗೆ ಸೇರಿಸುತ್ತಾರೆ.

ನನ್ನ ನಕ್ಷತ್ರದ ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು, ಅದರ ನಡುವಿನ ಎಂಟು ಮೂಲೆಯ ಜಾಗದಲ್ಲಿ ದಾದಾ ಒಂದು ಅಲಿಫ್ ಬರೆದರು. ಕೈ ನಡುಗಿತು. ಪಕ್ಕದಲ್ಲಿ ಚುಕ್ಕೆ ಒತ್ತಿ ಅಳೆದರು. ಒಂದು, ಎರಡು, ಮೂರು, ಮತ್ತೆ ಇನ್ನೂ ಅರ್ಧ. ಅಬ್ಬಾ ಸ್ಕೂಟರಿನ ಕೀಲಿಯನ್ನು ಬೆರಳಲ್ಲಿ ತಿರುಗಿಸುವುದನ್ನು ನಿಲ್ಲಿಸಿ ನೋಡುತ್ತಿದ್ದರು.

"ಉದ್ದವಾಯಿತು" ಎಂದರು ದಾದಾ. "ಇನ್ನೊಂದು ಹಾಳೆ ಕೊಡು."