ತೋಟದ ಜೀಪಿಗೆ ಎಷ್ಟು ‘ಲೋ’ ಗೇರು ಬೇಕು?

ಮಲೆನಾಡಿನ ಕಾಫಿ ಮತ್ತು ಏಲಕ್ಕಿ ತೋಟಗಳಲ್ಲಿ, ಕಲ್ಲುಗಣಿಗಳಲ್ಲಿ, ಕೊಡಗಿನ ಮಾಂದಲಪಟ್ಟಿಯಂತಹ ಬೆಟ್ಟಗಳಿಗೆ ಪ್ರವಾಸಿಗರನ್ನು ಕರೆದೊಯ್ಯುವ ಬಾಡಿಗೆ ವ್ಯವಹಾರದಲ್ಲಿ ನಾಲ್ಕು ಚಕ್ರಗಳಿಗೂ ಚಾಲನೆಯಿರುವ ವಾಹನವು ವಿಲಾಸದ ವಸ್ತುವಲ್ಲ, ದುಡಿಮೆಯ ಸಾಧನ. ಇಂತಹ ವಾಹನಗಳ ಪೈಕಿ ಹಳೆಯ ಮಾರುತಿ ಜಿಪ್ಸಿಗಳ ಸಂಖ್ಯೆ ಇಂದಿಗೂ ಕಡಿಮೆಯೇನಲ್ಲ. ‘ಏರಿನಲ್ಲಿ ಎಳೆಯುವುದಿಲ್ಲ, ಕ್ಲಚ್ ಸುಡುತ್ತದೆ’ ಎಂಬ ದೂರು ಬಂದಾಗ, ಟ್ರಾನ್ಸ್‌ಫರ್ ಕೇಸಿನ ಒಳಗಿನ ಗೇರುಗಳನ್ನು ಬದಲಿಸಿ ಇನ್ನೂ ಕೆಳಗಿನ ‘ಲೋ’ ಹಾಕಿಸುವಂತೆ ಗ್ಯಾರೇಜಿನವರು ಸಲಹೆ ಮಾಡುವುದುಂಟು. ಈ ಖರ್ಚು ಯಾವ ಸಂದರ್ಭದಲ್ಲಿ ಸಮರ್ಥನೀಯ, ಯಾವಾಗ ವ್ಯರ್ಥ ಎಂಬುದನ್ನು ಅಂಕಿಗಳ ಮೂಲಕವೇ ನೋಡುವುದು ಲೇಸು.

ಎಂಜಿನ್ನಿನ ತಿರುವು ಚಕ್ರವನ್ನು ತಲಪುವ ಮೊದಲು ಮೂರು ಕಡೆ ಗೇರುಗಳ ಮೂಲಕ ಹಾದುಹೋಗುತ್ತದೆ: ಮೊದಲು ಗೇರ್‌ಬಾಕ್ಸ್, ಬಳಿಕ ಟ್ರಾನ್ಸ್‌ಫರ್ ಕೇಸ್, ಕೊನೆಗೆ ಆಕ್ಸಲ್‌ನ ಕ್ರೌನ್-ಪಿನಿಯನ್. ಪ್ರತಿಯೊಂದು ಹಂತದಲ್ಲಿಯೂ ವೇಗ ಇಳಿಯುತ್ತದೆ, ಅದೇ ಪ್ರಮಾಣದಲ್ಲಿ ಎಳೆತ ಏರುತ್ತದೆ. ಗೇರು ಶಕ್ತಿಯನ್ನು ಉತ್ಪಾದಿಸುವುದಿಲ್ಲ. ವೇಗವನ್ನು ಖರ್ಚು ಬರೆದು ಎಳೆತವನ್ನು ಜಮಾ ಮಾಡುತ್ತದೆ, ಘರ್ಷಣೆಯ ರೂಪದಲ್ಲಿ ತನ್ನ ದಲ್ಲಾಳಿಯನ್ನೂ ಹಿಡಿದುಕೊಳ್ಳುತ್ತದೆ. ಮೂರೂ ಹಂತಗಳ ಅನುಪಾತಗಳನ್ನು ಗುಣಿಸಿದಾಗ ಬರುವ ಮೊತ್ತವೇ ವಾಹನದ ನಿಜವಾದ ತೆವಳು ಅನುಪಾತ. ಕೊಳ್ಳುವವರು ಕೇಳಬೇಕಾದದ್ದು ಈ ಗುಣಲಬ್ಧವನ್ನು. ಕೇವಲ ಟ್ರಾನ್ಸ್‌ಫರ್ ಕೇಸಿನ ಅಂಕಿಯನ್ನು ನೋಡಿ ನಿರ್ಧರಿಸುವುದು ಒಟ್ಟು ಮಾರಾಟವನ್ನು ನೋಡಿ ಲಾಭವನ್ನು ಊಹಿಸಿದಂತೆ.

ಒಂದು ನಿದರ್ಶನ ಸಾಕು. 1.3 ಲೀಟರ್ ಎಂಜಿನ್ನಿನ ಜಿಪ್ಸಿಯಲ್ಲಿ ಮೊದಲ ಗೇರು 3.652, ಟ್ರಾನ್ಸ್‌ಫರ್ ಕೇಸಿನ ಲೋ 2.268, ಕ್ರೌನ್-ಪಿನಿಯನ್ 3.727. ಇವುಗಳ ಗುಣಲಬ್ಧ ಸುಮಾರು 31. ಭಾರತದಲ್ಲಿ 2023ರಲ್ಲಿ ಮಾರುಕಟ್ಟೆಗೆ ಬಂದ 1.5 ಲೀಟರ್ ಜಿಮ್ನಿಯ ಲೋ ಕೇವಲ 2.002. ಕಾಗದದ ಮೇಲೆ ಇದು ಜಿಪ್ಸಿಗಿಂತ ದುರ್ಬಲವೆಂದೇ ತೋರುತ್ತದೆ. ಆದರೆ ಅದರ ಮೊದಲ ಗೇರು 4.425, ಕ್ರೌನ್-ಪಿನಿಯನ್ 4.090, ಆದ್ದರಿಂದ ಒಟ್ಟು ಅನುಪಾತ 36ನ್ನು ದಾಟುತ್ತದೆ. ಲೋ ಅಂಕಿ ಚಿಕ್ಕದಾದರೂ ತೆವಳುವ ಸಾಮರ್ಥ್ಯ ಹೆಚ್ಚು.

ಜಿಪ್ಸಿಯ ಸೋದರನಾದ ಸುಜುಕಿ ಸಮುರಾಯ್ ವಾಹನಕ್ಕಾಗಿ ಅಮೆರಿಕದಲ್ಲಿ ತಯಾರಾಗುವ ಬದಲಿ ಗೇರುಗಳಲ್ಲಿ 4.16 ಅನುಪಾತದ್ದು ಬಹಳ ಪ್ರಚಲಿತ. ಅದನ್ನು ಅಳವಡಿಸಿದರೆ 31 ಇದ್ದದ್ದು 56ನ್ನು ಮೀರುತ್ತದೆ. ಎಂಜಿನ್ ನಿಮಿಷಕ್ಕೆ 800 ಸುತ್ತುಗಳಲ್ಲಿ ಐಡಲ್ ಆಗಿ ತಿರುಗುತ್ತಿದೆ, ಚಕ್ರ ಒಂದು ಸುತ್ತಿಗೆ ಸುಮಾರು 2 ಮೀಟರ್ ಸಾಗುತ್ತದೆ ಎಂದು ಹಿಡಿದರೆ, ಮೂಲ ಗೇರಿನಲ್ಲಿ ವಾಹನ ಗಂಟೆಗೆ 3.1 ಕಿ.ಮೀ., ಬದಲಿ ಗೇರಿನಲ್ಲಿ 1.7 ಕಿ.ಮೀ. ವೇಗದಲ್ಲಿ ಸಾಗುತ್ತದೆ. ಮನುಷ್ಯನ ಸಾಧಾರಣ ನಡಿಗೆ ಗಂಟೆಗೆ 5 ಕಿ.ಮೀ. ಎಂಬುದನ್ನು ನೆನೆದರೆ ಎರಡರ ವ್ಯತ್ಯಾಸ ಮನದಟ್ಟಾದೀತು.

ಏರಿನ ಲೆಕ್ಕ

ಭಾರವೂ ಸೇರಿ 1,500 ಕೆ.ಜಿ. ತೂಗುವ ಜಿಪ್ಸಿಯೊಂದು ಮೂರು ಅಡಿ ದಾರಿಗೆ ಒಂದು ಅಡಿ ಮೇಲೇರುವ ಕಡಿದಾದ ತೋಟದ ರಸ್ತೆಯನ್ನು ಹತ್ತಬೇಕೆಂದಿಟ್ಟುಕೊಳ್ಳೋಣ. ತೂಕದ ಮೂರನೆಯ ಒಂದು ಪಾಲು, ಅಂದರೆ 500 ಕೆ.ಜಿ. ಎಳೆತ ಏರಿಗೇ ಬೇಕು. ಸಡಿಲ ನೆಲದ ಪ್ರತಿರೋಧಕ್ಕೆ ಇನ್ನು 75 ಕೆ.ಜಿ. ಸೇರಿಸಿದರೆ ಒಟ್ಟು 575. ಚಕ್ರದ ತ್ರಿಜ್ಯ ಸುಮಾರು ಮೂರನೆಯ ಒಂದು ಮೀಟರ್ ಆದ್ದರಿಂದ ಆಕ್ಸಲ್‌ಗಳಲ್ಲಿ ಬೇಕಾಗುವ ಟಾರ್ಕ್ 192 ಕೆಜಿ-ಮೀಟರ್.

ಇನ್ನು ಪೂರೈಕೆಯ ಬದಿಯನ್ನು ನೋಡೋಣ. ಎಂಜಿನ್ನಿನ ಗರಿಷ್ಠ ಟಾರ್ಕ್ ಸುಮಾರು 10.5 ಕೆಜಿ-ಮೀಟರ್. ಅದನ್ನು 31ರಿಂದ ಗುಣಿಸಿ, ಗೇರುಗಳ ಘರ್ಷಣೆಗಾಗಿ ಶೇ. 15 ಕಳೆದರೆ 277 ಉಳಿಯುತ್ತದೆ. ಬೇಕಾದದ್ದಕ್ಕಿಂತ ಧಾರಾಳವಾಗಿ ಹೆಚ್ಚು. ಹಾಗಾದರೆ ಚಾಲಕನ ದೂರು ಸುಳ್ಳೇ? ಸುಳ್ಳಲ್ಲ. ಗರಿಷ್ಠ ಟಾರ್ಕ್ ದೊರೆಯುವುದು ಎಂಜಿನ್ ಜೋರಾಗಿ ತಿರುಗುವಾಗ ಮಾತ್ರ. ಕಲ್ಲು, ಗುಂಡಿಗಳ ನಡುವೆ ನಿಧಾನವಾಗಿ ಹತ್ತುವಾಗ ಅದರ ಅರ್ಧದಷ್ಟು ಮಾತ್ರ ಕೈಗೆಟುಕುತ್ತದೆಂದು ಹಿಡಿದರೆ ಸಿಗುವುದು 138, ಕೊರತೆ 54. ಚಾಲಕನು ಈ ಕೊರತೆಯನ್ನು ತುಂಬಿಸುವುದು ಎಕ್ಸಿಲರೇಟರ್ ಒತ್ತಿ, ಕ್ಲಚ್ಚನ್ನು ಅರ್ಧ ಬಿಟ್ಟು. ಕ್ಲಚ್ ಪ್ಲೇಟ್ ಸುಡುವುದು ಇಲ್ಲಿ. 56ರ ಅನುಪಾತದಲ್ಲಿ ಅದೇ ಅರ್ಧ ಟಾರ್ಕ್ 250ಕ್ಕೆ ಏರುತ್ತದೆ, ಕ್ಲಚ್ಚಿಗೆ ಕೆಲಸವೇ ಇರುವುದಿಲ್ಲ. ಅಂದಹಾಗೆ, 13.7 ಕೆಜಿ-ಮೀಟರ್ ಟಾರ್ಕಿನ ಜಿಮ್ನಿಯು ಯಾವ ಬದಲಾವಣೆಯೂ ಇಲ್ಲದೆ ಇದೇ ಲೆಕ್ಕದಲ್ಲಿ 210 ಕೊಟ್ಟು ಏರನ್ನು ಹತ್ತುತ್ತದೆ.

ಆದರೆ ಜೂನ್ ತಿಂಗಳ ಮಳೆ ಹಿಡಿದ ಮೇಲೆ ಈ ಲೆಕ್ಕ ತಲೆಕೆಳಗಾಗುತ್ತದೆ. ಜಾರುವ ಕೆಮ್ಮಣ್ಣಿನಲ್ಲಿ ಟೈರಿನ ಹಿಡಿತವು ಅದರ ಮೇಲಿನ ಭಾರದ ಹತ್ತರಲ್ಲಿ ನಾಲ್ಕು ಪಾಲು ಎಂದು ಭಾವಿಸಿದರೆ, ನಾಲ್ಕೂ ಚಕ್ರಗಳು ಸೇರಿ ನೆಲವನ್ನು ಹಿಡಿಯಬಲ್ಲದ್ದು 565 ಕೆ.ಜಿ. ಮಾತ್ರ. ಬೇಕಾದದ್ದು 575. ಅನುಪಾತ 31 ಇರಲಿ, 56 ಇರಲಿ, ಚಕ್ರಗಳು ನಿಂತಲ್ಲೇ ತಿರುಗುತ್ತವೆ. ಮಳೆಗಾಲದಲ್ಲಿ ವಾಹನ ಸಿಕ್ಕಿಬೀಳುವುದೇ ಮುಖ್ಯ ತೊಂದರೆಯಾಗಿದ್ದರೆ ಹಣ ಹೋಗಬೇಕಾದದ್ದು ಒಳ್ಳೆಯ ಗುಂಡಿ ಹಲ್ಲಿನ ಟೈರುಗಳಿಗೆ, ಚಕ್ರದ ಸರಪಳಿಗಳಿಗೆ, ರಸ್ತೆಗೆ ಒಂದು ಲೋಡು ಜಲ್ಲಿಗೆ. ಗೇರು ಮಾರುವವರು ಈ ಮಾತನ್ನು ಹೇಳುವುದು ಅಪರೂಪ.

ಇಳಿಜಾರಿನಲ್ಲಿ ಮಾತ್ರ ಕೆಳಗಿನ ಗೇರಿನ ಉಪಯೋಗ ನಿರ್ವಿವಾದ. ಗೊಬ್ಬರದ ಚೀಲಗಳನ್ನು ಹೇರಿಕೊಂಡು ಕಣಿವೆಗೆ ಇಳಿಯುವ ವಾಹನವನ್ನು ಎಂಜಿನ್ನೇ ತಡೆದು ಹಿಡಿದರೆ ಬ್ರೇಕ್ ಕಾಯುವುದಿಲ್ಲ. ಕಾದ ಬ್ರೇಕ್ ಕೈಕೊಟ್ಟರೆ ಆಗುವ ನಷ್ಟಕ್ಕೆ ಯಾವ ಲೆಕ್ಕಪುಸ್ತಕದಲ್ಲಿಯೂ ಕಲಮು ಇಲ್ಲ. ಒಂದು ಎಚ್ಚರಿಕೆಯನ್ನು ಚಾಲಕರಿಗೆ ಹೇಳಿಡಬೇಕು. ಲೋ ಮೊದಲ ಗೇರಿನಲ್ಲಿ ಕ್ಲಚ್ ಒತ್ತಿಕೊಂಡು ವಾಹನವನ್ನು ಇಳಿಜಾರಿನಲ್ಲಿ ಓಡಲು ಬಿಡಕೂಡದು. ಆಗ ಚಕ್ರಗಳೇ ಕ್ಲಚ್ ಪ್ಲೇಟನ್ನು 56 ಪಟ್ಟು ವೇಗದಲ್ಲಿ ತಿರುಗಿಸುತ್ತವೆ, ಪ್ಲೇಟು ಸಿಡಿಯುವ ಸಂಭವವಿದೆ.

ಅಡ್ಡಪರಿಣಾಮಗಳೂ ಉಂಟು. ಟ್ರಾನ್ಸ್‌ಫರ್ ಕೇಸಿನಲ್ಲಿ ಹೆಚ್ಚಿದ ಟಾರ್ಕ್ ಮುಂದೆ ಕ್ರೌನ್-ಪಿನಿಯನ್, ಆಕ್ಸಲ್ ಶಾಫ್ಟ್ ಮತ್ತು ಮುಂದಿನ ಚಕ್ರಗಳ ಜಾಯಿಂಟುಗಳ ಮೇಲೆ ಬೀಳುತ್ತದೆ. ಅವು ಮೂಲ ಅನುಪಾತಕ್ಕೆ ತಕ್ಕಂತೆ ತಯಾರಾದವು. ಒಂದು ಚಕ್ರ ಬಂಡೆಗಳ ನಡುವೆ ಸಿಕ್ಕಿಕೊಂಡಾಗ ಎಕ್ಸಿಲರೇಟರ್ ಒತ್ತಿದರೆ ಮೊದಲು ಮುರಿಯುವುದು ಇವುಗಳಲ್ಲೊಂದು. ಮೇಲಾಗಿ ಜಿಪ್ಸಿಯ ಟ್ರಾನ್ಸ್‌ಫರ್ ಕೇಸಿನಲ್ಲಿ ‘ಹೈ’ ಅನುಪಾತವೂ 1.409 ಇದ್ದು, 4.16ರ ಗೇರುಗಳನ್ನು ಹಾಕಿದಾಗ ಹೈ ಕೂಡ ಕೆಳಗಿಳಿಯುತ್ತದೆ. ದೊಡ್ಡ ಟೈರುಗಳನ್ನು ಹಾಕುವ ಅಮೆರಿಕದ ಹವ್ಯಾಸಿಗಳಿಗೆ ಅದು ಅನುಕೂಲವೇ, ಟೈರು ಶೇ. 10 ದೊಡ್ಡದಾದರೆ ಎಳೆತ ಅಷ್ಟೇ ಕುಗ್ಗುತ್ತದೆ, ಆ ನಷ್ಟ ಇಲ್ಲಿ ಭರ್ತಿಯಾಗುತ್ತದೆ. ಮೂಲ ಅಳತೆಯ ಟೈರಿನಲ್ಲಿ ವಾರಕ್ಕೆರಡು ಸಲ ಹೆದ್ದಾರಿಯಲ್ಲಿ ಪೇಟೆಗೆ ಓಡಾಡುವ ತೋಟದ ಮಾಲೀಕರಿಗೆ ಸಿಗುವುದು ಹೆಚ್ಚಿದ ಎಂಜಿನ್ ಸದ್ದು ಮತ್ತು ಪೆಟ್ರೋಲ್ ಬಿಲ್ಲು. ತಯಾರಕರೇ ಈ ಭೇದವನ್ನು ಅರಿತಿದ್ದಾರೆ. ಜೀಪ್ ರ‍್ಯಾಂಗ್ಲರ್‌ನ ಸಾಮಾನ್ಯ ಮಾದರಿಗಳಿಗೆ 2.72ರ ಲೋ ಕೊಟ್ಟು, ಬಂಡೆ ಹತ್ತುವವರಿಗಾಗಿಯೇ ರೂಪಿಸಿದ ರೂಬಿಕಾನ್ ಮಾದರಿಗೆ 4.0 ಕೊಟ್ಟಾಗ ಅದರ ಆಕ್ಸಲ್‌ಗಳನ್ನೂ ಬಲಪಡಿಸಲಾಯಿತು.

ಹಣದ ಲೆಕ್ಕ

ಊಹೆಗಾಗಿ, ಗೇರು ಸೆಟ್, ಆಮದು ಸುಂಕ, ಬೇರಿಂಗ್, ಸೀಲು, ಕೂಲಿ ಸೇರಿ 1,20,000 ರೂಪಾಯಿ ತಗಲುವುದೆಂದು ಭಾವಿಸೋಣ. ಲೋ ಸಾಲದ ಕಾರಣದಿಂದಲೇ ವರ್ಷಕ್ಕೊಂದು ಹೆಚ್ಚುವರಿ ಕ್ಲಚ್ ಸೆಟ್ಟಿಗೆ 12,000, ವಾಹನ ನಿಂತ ಮೂರು ದಿನ ಬಾಡಿಗೆ ಜೀಪಿಗೆ 7,500, ಒಟ್ಟು 19,500 ರೂಪಾಯಿ ನಷ್ಟವಿದ್ದರೆ ಹೂಡಿದ ಹಣ ಮರಳಲು ಆರು ವರ್ಷಕ್ಕೂ ಮಿಕ್ಕಿ ಬೇಕು, ಬಡ್ಡಿಯನ್ನು ಬಿಟ್ಟು. ಹದಿನೈದು ವರ್ಷ ದಾಟಿದ ವಾಹನದ ಮೇಲೆ ಅಷ್ಟು ದೀರ್ಘಾವಧಿಯ ಹೂಡಿಕೆ ವಿವೇಕವೆನಿಸದು. ಅದೇ ಬಾಡಿಗೆಗೆ ದಿನಕ್ಕೆ ನಾಲ್ಕು ಸಲ ಬೆಟ್ಟ ಹತ್ತುವ ವಾಹನಕ್ಕೆ ವರ್ಷಕ್ಕೆ ಮೂರು ಕ್ಲಚ್ ಸೆಟ್ ಹೋಗುತ್ತಿದ್ದರೆ ಇದೇ ಖರ್ಚು ಎರಡು ವರ್ಷಗಳಲ್ಲಿ ಮರಳುತ್ತದೆ.

ಸವೆದ ಗೇರಿನ ಜಾಗದಲ್ಲಿ ಅದೇ ಬಗೆಯ ಗೇರು ಹಾಕಿಸಿದರೆ ಅದು ದುರಸ್ತಿ ಖರ್ಚು. ವಾಹನದ ಸಾಮರ್ಥ್ಯವನ್ನೇ ಬದಲಿಸುವ ಗೇರನ್ನು ಬಂಡವಾಳ ವೆಚ್ಚವೆಂದು ತೆರಿಗೆ ಅಧಿಕಾರಿಗಳು ಪ್ರಶ್ನಿಸಬಹುದು. ಬಿಲ್ಲಿನಲ್ಲಿ ಕೆಲಸದ ವಿವರ ಸ್ಪಷ್ಟವಾಗಿರಲಿ. ವಿಮಾ ಕಂಪನಿಗೆ ಬದಲಾವಣೆಯನ್ನು ಬರಹದಲ್ಲಿ ತಿಳಿಸಿ ಸ್ವೀಕೃತಿ ಪಡೆಯತಕ್ಕದ್ದು. ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಮು ನಿರ್ಬಂಧಿಸುತ್ತದೆ, ಸರ್ವೋಚ್ಚ ನ್ಯಾಯಾಲಯವೂ 2019ರಲ್ಲಿ ಇದನ್ನು ಎತ್ತಿಹಿಡಿದಿದೆ. ಆದ್ದರಿಂದ ಗೇರಿನೊಂದಿಗೆ ಟೈರು, ಬಾಡಿ ಬದಲಿಸುವ ಯೋಚನೆಯಿದ್ದವರು ಮೊದಲು ಸಾರಿಗೆ ಕಚೇರಿಯನ್ನು ವಿಚಾರಿಸಬೇಕು.

ಹಳೆಯ ಜಿಪ್ಸಿಯನ್ನು ಕೊಳ್ಳುವವರಿಗೆ ಒಳಗೆ ಯಾವ ಗೇರು ಇದೆಯೆಂದು ತಿಳಿಯಲು ಕೇಸನ್ನು ಬಿಚ್ಚಿಸಬೇಕಾಗಿಲ್ಲ. ಸಮತಟ್ಟಾದ ನೆಲದಲ್ಲಿ 10 ಮೀಟರ್ ಅಳೆದು ಗುರುತು ಹಾಕಿ, ಲೋ ಮೊದಲ ಗೇರಿನಲ್ಲಿ ಎಕ್ಸಿಲರೇಟರ್ ಮುಟ್ಟದೆ ವಾಹನವನ್ನು ಬಿಡಬೇಕು. ಮೂಲ ಟೈರು, 800 ಸುತ್ತಿನ ಐಡಲ್ ಇದ್ದರೆ ಮೂಲ ಗೇರಿನ ವಾಹನ ಸುಮಾರು 12 ಸೆಕೆಂಡುಗಳಲ್ಲಿ ಗುರುತನ್ನು ದಾಟುತ್ತದೆ, 4.16ರ ಗೇರು ಹಾಕಿದ್ದಕ್ಕೆ 21 ಸೆಕೆಂಡು ಬೇಕಾಗುತ್ತದೆ.