ಸ್ಕ್ಯಾನ್ ನಾರ್ಮಲ್, ಆದರೂ ಅಬ್ಬಾ ಬೀಳುವುದೇಕೆ?

"ಡಾಕ್ಟರ್, ಮಿದುಳಿನ ಎಂಆರ್‌ಐ ಮಾಡಿಸಿದೆವು. ಏನೂ ಇಲ್ಲವಂತೆ. ಆದರೂ ಅಬ್ಬಾ ಬೀಳುತ್ತಲೇ ಇದ್ದಾರೆ." ಪಾರ್ಕಿನ್ಸನ್ ಕಾಯಿಲೆಯಿರುವ ಹಿರಿಯರ ಮನೆಯವರಿಂದ ಈ ಮಾತನ್ನು ಆಗಾಗ ಕೇಳುತ್ತೇನೆ. ವರದಿ ನಾರ್ಮಲ್ ಎಂದ ಕೂಡಲೇ ಕೆಲವರು ಕಾಯಿಲೆಯೇ ಇಲ್ಲವೆಂದು ಮಾತ್ರೆ ನಿಲ್ಲಿಸುತ್ತಾರೆ. ಇನ್ನು ಕೆಲವರು "ನೋಡಿಕೊಂಡು ನಡೆಯಬಾರದೇ?" ಎಂದು ಹಿರಿಯರನ್ನೇ ಗದರಿಸುತ್ತಾರೆ. ಎರಡೂ ತಪ್ಪು.

ಎಂಆರ್‌ಐ ಏನನ್ನು ತೋರಿಸುತ್ತದೆ?

ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಈ ಕಾಯಿಲೆಯನ್ನು ವಿವರಿಸಿದರು. ಯುನಾನಿಯಲ್ಲಿ ನಡುಕದ ರೋಗಕ್ಕೆ ರಅಶಾ ಎನ್ನುತ್ತೇವೆ. ಮಿದುಳಿನ ಆಳದಲ್ಲಿ ಡೋಪಮೈನ್ ಎಂಬ ರಾಸಾಯನಿಕವನ್ನು ತಯಾರಿಸುವ ಜೀವಕೋಶಗಳು ನಶಿಸುವುದು ಇದರ ಮೂಲ. ಸಾಮಾನ್ಯ ಎಂಆರ್‌ಐ ಮಿದುಳಿನ ರಚನೆಯನ್ನು ತೋರಿಸುತ್ತದೆಯೇ ಹೊರತು ಡೋಪಮೈನ್ ಕೊರತೆಯನ್ನಲ್ಲ. ಆದ್ದರಿಂದ ವೈದ್ಯರು ರೋಗಿಯ ನಡಿಗೆ, ಬಿಗಿತ, ನಿಧಾನಗತಿ, ನಡುಕ ನೋಡಿಯೇ ಈ ಕಾಯಿಲೆಯನ್ನು ಗುರುತಿಸುತ್ತಾರೆ.

ಹಾಗಾದರೆ ಎಂಆರ್‌ಐ ಏಕೆ? ಬೇರೆ ಕಾರಣಗಳನ್ನು ಪತ್ತೆಹಚ್ಚಲು. ಮಿದುಳಿನ ಸಣ್ಣ ರಕ್ತನಾಳಗಳು ಕಟ್ಟಿಕೊಂಡಿದ್ದರೆ, ಮಿದುಳಿನಲ್ಲಿ ನೀರು ತುಂಬಿದ್ದರೆ, ಗೆಡ್ಡೆಯಿದ್ದರೆ ಕೂಡ ನಡಿಗೆ ತಪ್ಪುತ್ತದೆ. ಪಾರ್ಕಿನ್ಸನ್‌ನಲ್ಲಿ ಬೀಳುವುದು ಸಾಮಾನ್ಯವಾಗಿ ಕೆಲವು ವರ್ಷಗಳ ನಂತರ. ಮೊದಲ ವರ್ಷದಲ್ಲೇ ಪದೇ ಪದೇ ಬಿದ್ದರೆ ಅದನ್ನೇ ಹೋಲುವ ಬೇರೊಂದು ಕಾಯಿಲೆ ಇರಬಹುದು. ನರರೋಗ ತಜ್ಞರಿಗೆ ಈ ಸಂಗತಿ ತಪ್ಪದೆ ತಿಳಿಸಿ.

ಡೋಪಮೈನ್ ವ್ಯವಸ್ಥೆಯನ್ನೇ ತೋರಿಸುವ ವಿಶೇಷ ಸ್ಕ್ಯಾನ್‌ಗಳೂ ಇವೆ. ಅವುಗಳಲ್ಲಿ ಆರೋಗ್ಯವಂತರ ಮಿದುಳಿನ ಎರಡು ಬದಿಗಳಲ್ಲಿ ಅಲ್ಪವಿರಾಮದಂತೆ ಹೊಳೆಯುವ ಭಾಗ, ಕಾಯಿಲೆಯವರಲ್ಲಿ ಕುಗ್ಗಿ ಚುಕ್ಕೆಯಂತಾಗುತ್ತದೆ. ಇದು ಎಲ್ಲರಿಗೂ ಬೇಕಿಲ್ಲ. ಸಂಶಯವಿದ್ದಾಗ ಮಾತ್ರ ವೈದ್ಯರು ಹೇಳುತ್ತಾರೆ.

ಸಮತೋಲನ ಏಕೆ ತಪ್ಪುತ್ತದೆ?

ಯಾರಾದರೂ ತಳ್ಳಿದರೆ ನಾವು ಯೋಚಿಸದೆಯೇ ಒಂದು ಹೆಜ್ಜೆಯಿಟ್ಟು ನಿಲ್ಲುತ್ತೇವೆ. ಪಾರ್ಕಿನ್ಸನ್ ಮುಂದುವರಿದಂತೆ ಈ ತಾನೇತಾನಾದ ಪ್ರತಿಕ್ರಿಯೆ ಕುಂದುತ್ತದೆ. ವೈದ್ಯರು ಹಿಂದೆ ನಿಂತು ಭುಜ ಎಳೆದು ಪರೀಕ್ಷಿಸುವುದು ಇದನ್ನೇ. ಮನೆಯಲ್ಲಿ ನೀವು ಹಾಗೆ ಮಾಡಿ ನೋಡಬೇಡಿ. ಸಮತೋಲನಕ್ಕೆ ಡೋಪಮೈನ್ ಒಂದೇ ಸಾಲದು. ಹಾಗಾಗಿ ಲೆವೊಡೋಪಾ ಮಾತ್ರೆಯಿಂದ ಬಿಗಿತ ಇಳಿದರೂ ಬೀಳುವುದು ಪೂರ್ತಿ ನಿಲ್ಲದಿರಬಹುದು.

ಎದ್ದು ನಿಂತಾಗ ರಕ್ತದೊತ್ತಡ ಇಳಿಯುವುದೂ ಒಂದು ಕಾರಣ. ಮಲಗಿದ್ದಾಗ ಮತ್ತು ನಿಂತ ಮೂರು ನಿಮಿಷದೊಳಗೆ ಬಿಪಿ ನೋಡಿಸಿ. ಮೇಲಿನ ಅಂಕಿ 20 ಅಥವಾ ಹೆಚ್ಚು ಇಳಿದರೆ ವೈದ್ಯರಿಗೆ ಹೇಳಿ.

ಮನೆಯಲ್ಲಿ ನೀವು ಮಾಡಬೇಕಾದ್ದು

• ವುಝೂ ಮಾಡುವ ಜಾಗದಲ್ಲಿ, ಶೌಚಾಲಯದಲ್ಲಿ ನೀರು ನಿಲ್ಲದಿರಲಿ. ಗೋಡೆಗೆ ಹಿಡಿಕೆ ಹಾಕಿಸಿ. ಕುಳಿತೇ ವುಝೂ ಮಾಡಲು ಗಟ್ಟಿ ಸ್ಟೂಲ್ ಇಡಿ.

• ಫಜ್ರ್‌ಗೆ ಎದ್ದವರು ಸ್ವಲ್ಪ ಹೊತ್ತು ಮಂಚದ ಅಂಚಿನಲ್ಲಿ ಕುಳಿತು ಮತ್ತೆ ನಿಲ್ಲಲಿ. ರಾತ್ರಿ ಸಣ್ಣ ದೀಪವಿರಲಿ.

• ಸುಜೂದ್‌ನಿಂದ ಏಳುವಾಗ ತೂರಾಡುವವರು ಕುರ್ಚಿಯಲ್ಲಿ ಕುಳಿತು ನಮಾಝ್ ಮಾಡಲಿ. ನಿಲ್ಲಲಾಗದವರಿಗೆ ಧರ್ಮವೇ ಈ ರಿಯಾಯಿತಿ ಕೊಟ್ಟಿದೆ, ಸಂಕೋಚ ಬೇಡ.

• ತಿರುಗುವಾಗ ಒಮ್ಮೆಲೇ ತಿರುಗದೆ ಸಣ್ಣ ಹೆಜ್ಜೆಗಳಲ್ಲಿ ಸುತ್ತಲಿ. ನಡೆಯುವಾಗ ಮಾತನಾಡಿಸಬೇಡಿ.

• ಫಿಸಿಯೋಥೆರಪಿಸ್ಟ್ ಕಲಿಸಿದ ಸಮತೋಲನದ ವ್ಯಾಯಾಮವನ್ನು ದಿನವೂ ಮಾಡಿಸಿ.

ಔಷಧದ ಬಗ್ಗೆ ಎಚ್ಚರ

ನಮ್ಮಲ್ಲಿ ಬಳಸುವ ನಸುಗುನ್ನಿ ಬೀಜದಲ್ಲೂ ಲೆವೊಡೋಪಾ ಇದೆ. ಮಾತ್ರೆಯ ಜೊತೆಗೆ ಇದನ್ನೂ ತೆಗೆದುಕೊಂಡರೆ ಪ್ರಮಾಣ ಮಿತಿ ಮೀರಿ, ಬಿಪಿ ಇಳಿದು, ಬೀಳುವುದೇ ಹೆಚ್ಚಾಗಬಹುದು. ಯುನಾನಿ ವೈದ್ಯನಾಗಿಯೇ ಹೇಳುತ್ತಿದ್ದೇನೆ: ಇಬ್ಬರೂ ವೈದ್ಯರಿಗೆ ತಿಳಿಸದೆ ಬೆರೆಸಬೇಡಿ. ಮಾತ್ರೆಯನ್ನು ಹಠಾತ್ತನೆ ನಿಲ್ಲಿಸುವುದು ಪ್ರಾಣಕ್ಕೇ ಅಪಾಯ. ರಮಝಾನ್‌ನಲ್ಲಿ ಉಪವಾಸ ಹಿಡಿಯುವ ಮೊದಲು ಮಾತ್ರೆಯ ವೇಳೆಯ ಬಗ್ಗೆ ಕೇಳಿಕೊಳ್ಳಿ.

ಬಿದ್ದ ದಿನ, ಹೊತ್ತು, ಜಾಗ, ಆಗ ಮಾಡುತ್ತಿದ್ದ ಕೆಲಸ, ಕೊನೆಯ ಮಾತ್ರೆ ತೆಗೆದುಕೊಂಡ ವೇಳೆ, ಇವನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಮುಂದಿನ ಭೇಟಿಗೆ ಸ್ಕ್ಯಾನ್ ವರದಿಯ ಜೊತೆ ಅದನ್ನೂ ಒಯ್ಯಿರಿ. ಎಂಆರ್‌ಐ ಹೇಳದ ಎಷ್ಟೋ ಸಂಗತಿ ಆ ಪುಸ್ತಕ ಹೇಳುತ್ತದೆ.