ತೊಟ್ಟಿಯ ಬಳಿ ನಿಂತು ತಟ್ಟೆ-ಲೋಟ ಆರಿಸಿ

ಹೊಸದಾಗಿ ಹೋಟೆಲ್ ಹಾಕುವವರು ಒಲೆ, ಗ್ರೈಂಡರ್, ಅಡುಗೆ ಭಟ್ಟರು ಎಂದು ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ತಟ್ಟೆ-ಲೋಟ ನೆನಪಾಗುವುದು ಪೂಜೆಗೆ ಎರಡು ದಿನ ಇರುವಾಗ. ಅಂಗಡಿಯ ದೀಪದ ಕೆಳಗೆ ಎಲ್ಲ ಪಾತ್ರೆಯೂ ಥಳಥಳ ಅನ್ನುತ್ತದೆ. ಅದರ ಬಂಡವಾಳ ತಿಳಿಯುವುದು ಬೆಳಗಿನ ಹತ್ತು ಗಂಟೆಯ ರಶ್‌ನಲ್ಲಿ, ತೊಳೆಯುವ ತೊಟ್ಟಿಯ ಬಳಿ. ಸಸ್ಯಾಹಾರಿ ಹೋಟೆಲ್ ನಡೆಸುತ್ತ ನಾನು ಕಲಿತದ್ದು ಇಷ್ಟು.

1. ಕಾಫಿ ಲೋಟದ ಕಂಠ ನೋಡಿ.
ಸ್ಟೀಲ್ ಲೋಟದ ಅಂಚನ್ನು ಹೊರಕ್ಕೆ ಮಡಿಚಿರುವುದು ಅಂದಕ್ಕಲ್ಲ. ಬಿಸಿ ಕಾಫಿ ಬಿದ್ದ ಕ್ಷಣ ತೆಳು ತಗಡಿನ ಮೈಯೆಲ್ಲ ಸುಡುತ್ತದೆ, ಹಿಡಿಯಲು ಉಳಿಯುವುದು ಆ ಅಂಚೊಂದೇ. ಅದು ಕಿರಿದಾಗಿದ್ದರೆ ಬೆರಳು ಜಾರುತ್ತದೆ. ಮಡಿಕೆಯ ಕೆಳಗೆ ಸಂದು ಬಿಟ್ಟಿದ್ದರೆ ಹಾಲಿನ ಜಿಡ್ಡು ಕೂರುತ್ತದೆ, ಸಂಜೆಯ ಹೊತ್ತಿಗೆ ಮುಗ್ಗಲು ವಾಸನೆ. ಕೊಳ್ಳುವಾಗ ಉಗುರಿನಿಂದ ಆ ಸಂದನ್ನು ಸುತ್ತಲೂ ಗೀರಿ ನೋಡಿ, ಉಗುರು ಸಿಕ್ಕಿಕೊಂಡರೆ ಆ ಲೋಟ ಬೇಡ. ಜೊತೆಗಿನ ಬಟ್ಟಲಿಗೆ ಲೋಟದ ಕಾಫಿಯಷ್ಟೂ ಬಿದ್ದು ಮೇಲೆ ಇನ್ನಷ್ಟು ಜಾಗ ಉಳಿಯಬೇಕು. ಇಲ್ಲವಾದರೆ ಗಿರಾಕಿ ಕಾಫಿ ಆರಿಸುವಾಗ ಟೇಬಲ್ಲಿಗೆ ಅಭಿಷೇಕ.

1924ರಲ್ಲಿ ಶುರುವಾದ ಎಂ.ಟಿ.ಆರ್. ಬೆಳ್ಳಿ ಲೋಟದ ಕಾಫಿಗೆ ಹೆಸರಾಯಿತು. ಬೆಳ್ಳಿ ಸ್ಟೀಲಿಗಿಂತ ಎಷ್ಟೋ ಬೇಗ ಶಾಖವನ್ನು ಬೆರಳಿಗೆ ದಾಟಿಸುತ್ತದೆ. ಅದು ಮರ್ಯಾದೆಯ ಪಾತ್ರೆ, ಅನುಕೂಲದ್ದಲ್ಲ. ನಮ್ಮಂಥವರಿಗೆ ಸ್ಟೀಲೇ ಸರಿ.

2. ಗಾಜಿನ ಲೋಟ ಬೀಳದೆಯೂ ಒಡೆಯುತ್ತದೆ.
1983ರಲ್ಲಿ ಜಯನಗರದ ಕೆಫೆ ದರ್ಶಿನಿಯಿಂದ ನಿಂತು ತಿನ್ನುವ ಹೋಟೆಲುಗಳ ಕಾಲ ಶುರುವಾಯಿತು. ಇಂಥ ಕೌಂಟರುಗಳಲ್ಲಿ ಬೈಟು ಕಾಫಿಗೆ ಪುಟ್ಟ ಗಾಜಿನ ಲೋಟಕ್ಕಿಂತ ಒಳ್ಳೆಯದಿಲ್ಲ. ಇಬ್ಬರಿಗೂ ಸಮ ಬಂತೋ ಇಲ್ಲವೋ ಕಣ್ಣಿಗೇ ಕಾಣುತ್ತದೆ, ತಕರಾರಿಲ್ಲ. ಆದರೆ ತಣ್ಣೀರಲ್ಲಿ ಆಗಷ್ಟೇ ಜಾಲಿಸಿದ ಲೋಟಕ್ಕೆ ಕುದಿಯುವ ಹಾಲು ಸುರಿದರೆ ತಳವೇ ಕಳಚಿಕೊಳ್ಳುತ್ತದೆ. ಒಳಮೈ ಹಿಗ್ಗುತ್ತದೆ, ಹೊರಮೈಗೆ ಶಾಖ ಇನ್ನೂ ತಲುಪಿರುವುದಿಲ್ಲ. ಹಾಗಾಗಿ ಗಟ್ಟಿ ಇದ್ದೀತೆಂದು ದಪ್ಪ ತಳದ್ದನ್ನು ಆರಿಸಿದರೆ ಮೊದಲು ಸೀಳುವುದು ಅದೇ. ಟಫನ್ಡ್ ಗಾಜು ಹೆಚ್ಚು ತಡೆಯುತ್ತದೆ, ಒಡೆದರೂ ಕಲ್ಲುಸಕ್ಕರೆಯಂತೆ ಪುಡಿ ಪುಡಿಯಾಗುತ್ತದೆ. ಆ ಪುಡಿ ಚಟ್ನಿ ಪಾತ್ರೆಯ ಹತ್ತಿರ ಸಿಡಿದಿದ್ದರೆ ಲೆಕ್ಕ ಹಾಕುತ್ತ ನಿಲ್ಲಬೇಡಿ, ಪಾತ್ರೆ ಸಮೇತ ಚೆಲ್ಲಿ. ಐಸ್ ಪೆಟ್ಟಿಗೆಗೂ ಇದೇ ನಿಯಮ. ಐಸನ್ನು ಗಾಜಿನ ಲೋಟದಲ್ಲಿ ಮೊಗೆಯುವ ಹುಡುಗನಿಗೆ ಮೊದಲ ದಿನವೇ ಸ್ಟೀಲ್ ಸೌಟು ಕೊಡಿ. ಮಂಜುಗಡ್ಡೆಯ ನಡುವೆ ಗಾಜಿನ ಚೂರು ಕಾಣುವುದೇ ಇಲ್ಲ.

ಒಂದರೊಳಗೊಂದು ಸಿಕ್ಕಿಕೊಂಡ ಲೋಟಗಳನ್ನು ಜಗ್ಗಬೇಡಿ. ಒಳಗಿನದಕ್ಕೆ ತಣ್ಣೀರು ಹಾಕಿ, ಹೊರಗಿನದನ್ನು ಉಗುರುಬೆಚ್ಚಗಿನ ನೀರಲ್ಲಿ ನಿಲ್ಲಿಸಿ. ತಾನಾಗಿ ಬಿಡುತ್ತದೆ.

3. ಅಯಸ್ಕಾಂತವನ್ನು ನಂಬಬೇಡಿ.
‘ಮ್ಯಾಗ್ನೆಟ್ ಹಿಡಿಯಲ್ಲ ನೋಡಿ ಸಾರ್, ಒರಿಜಿನಲ್’ ಎನ್ನುತ್ತಾನೆ ಅಂಗಡಿಯವನು. 304 ಸ್ಟೀಲಿನಲ್ಲಿ ಸುಮಾರು ಶೇ. 18 ಕ್ರೋಮಿಯಂ, ಶೇ. 8 ನಿಕ್ಕಲ್ ಇರುತ್ತದೆ. ಅಗ್ಗದ 202ರಲ್ಲಿ ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿರುತ್ತಾರೆ. ಅಯಸ್ಕಾಂತ ಸಾಮಾನ್ಯವಾಗಿ ಎರಡಕ್ಕೂ ಅಂಟುವುದಿಲ್ಲ, ಹೀಗಾಗಿ ಆ ಪರೀಕ್ಷೆ ಬರೀ ನಾಟಕ. ಉಪ್ಪು-ಹುಳಿ ಕಂಡ 202 ಬೇಗ ಚುಕ್ಕೆ ಕಟ್ಟುತ್ತದೆ. ಉಪ್ಪಿನಕಾಯಿ ಬಟ್ಟಲು, ಸಾಂಬಾರ್ ಬಕೆಟ್ಟಿಗಾದರೂ 304 ಇರಲಿ, ಬಿಲ್ಲಿನಲ್ಲಿ ಆ ಅಂಕಿ ಬರೆಸಿಕೊಳ್ಳಿ. ನೀರಿನ ಲೋಟಕ್ಕೆ ಅಷ್ಟೊಂದು ಖರ್ಚು ಬೇಡ.

4. ತಟ್ಟೆಯನ್ನು ಹೊರುವವನ ಕೈಯಿಂದ ನೋಡಿ.
ಗಾಂಧಿಬಜಾರಿನ ವಿದ್ಯಾರ್ಥಿ ಭವನದಲ್ಲಿ (1943) ಸಪ್ಲೈಯರ್‌ಗಳು ದೋಸೆ ತಟ್ಟೆಗಳನ್ನು ತೋಳಿನುದ್ದಕ್ಕೂ ಒಂದರ ಮೇಲೊಂದು ಪೇರಿಸಿ ತರುವುದನ್ನು ಜನ ನಿಂತು ನೋಡುತ್ತಾರೆ. ನಾನು ನೋಡುವುದು ತಟ್ಟೆಯನ್ನು. ಅಂಚು ಸ್ವಲ್ಪ ಎದ್ದಿರಬೇಕು, ಆಗಷ್ಟೇ ಮೇಲಿನ ತಟ್ಟೆ ಕೆಳಗಿನ ದೋಸೆಯನ್ನು ಜಜ್ಜುವುದಿಲ್ಲ. ಪಿಂಗಾಣಿಯಲ್ಲಿ ಇದನ್ನು ಮಾಡಲು ಹೋದರೆ ಭಾರಕ್ಕೆ ಭುಜ ಬೀಳುತ್ತದೆ.

ಮೆಲಮೈನ್ ಹಗುರ, ಕೈ ಸುಡದು, ತೊಟ್ಟಿಯಲ್ಲಿ ಸದ್ದು ಕಡಿಮೆ. ಆದರೆ ಅರಿಶಿನ ಹಿಡಿದರೆ ಬಿಡುವುದಿಲ್ಲ, ಗೀರು ಬಿದ್ದ ಮೇಲೆ ಕೊಳೆ ಅಲ್ಲಿಯೇ ವಾಸ. ಕಾದ ಸಾಂಬಾರಿಗೆ ಅದು ಬೇಡವೇ ಬೇಡ, ಮೈಕ್ರೋವೇವ್‌ಗಂತೂ ಇಡಲೇಬಾರದು. ಹೊಳಪು ಹೋದ ತಟ್ಟೆಯನ್ನು ‘ಇನ್ನೂ ಒಡೆದಿಲ್ಲವಲ್ಲ’ ಎಂದು ಇಟ್ಟುಕೊಳ್ಳುವುದು ಹೋಟೆಲಿನವರ ಹಳೆಯ ಜಿಪುಣತನ. ಗುಳಿಗಳಿರುವ ಊಟದ ಸ್ಟೀಲ್ ತಟ್ಟೆ ಕೊಳ್ಳುವುದಾದರೆ ಗುಳಿಯ ಮೂಲೆ ದುಂಡಗಿರಲಿ. ಚೂಪು ಮೂಲೆಗೆ ನಾರು ಇಳಿಯುವುದಿಲ್ಲ.

5. ಬಟ್ಟಲೇ ತಕ್ಕಡಿ.
ಚೌಚೌ ಬಾತ್ ನೋಡಿ. ಖಾರಾಬಾತನ್ನೂ ಕೇಸರಿಬಾತನ್ನೂ ಒಂದೇ ಬಟ್ಟಲಿಗೆ ಒತ್ತಿ ತಟ್ಟೆಗೆ ಬೋರಲು ಹಾಕುತ್ತೇವೆ. ಆ ಬಟ್ಟಲು ಸವೆದು ನೆಗ್ಗಿದಾಗ ಅದೇ ಅಳತೆಯದು ಸಿಗಲಿಲ್ಲವೆಂದು ಒಂದಿಷ್ಟೇ ದೊಡ್ಡದು ತಂದಿರೋ, ತಿಂಗಳ ಕೊನೆಗೆ ರವೆ-ತುಪ್ಪದ ಲೆಕ್ಕ ತಪ್ಪುತ್ತದೆ. ಚಿಕ್ಕದು ತಂದರೆ ಹಳೆಯ ಗಿರಾಕಿ ಮೊದಲ ತುತ್ತಿಗೇ ಹಿಡಿಯುತ್ತಾನೆ. ಅಳತೆಯ ಬಟ್ಟಲುಗಳನ್ನು ನಾಲ್ಕೈದು ಹೆಚ್ಚಾಗಿಯೇ ತಂದು ಬೀರುವಿನಲ್ಲಿಡಿ.

6. ಐಸ್‌ಕ್ರೀಮ್ ಕೌಂಟರಿಗೆ ತಣ್ಣೀರು ಮೊದಲು.
ಮಂಗಳೂರು-ಉಡುಪಿ ಕಡೆಯ ಗಡ್‌ಬಡ್‌ಗೆ ಉದ್ದನೆಯ ಗಾಜಿನ ಲೋಟವೇ ಆಗಬೇಕು. ಜೆಲ್ಲಿ, ಹಣ್ಣು, ಐಸ್‌ಕ್ರೀಮ್ ಪದರ ಪದರವಾಗಿ ಕಾಣದಿದ್ದರೆ ಆ ಬೆಲೆ ಯಾರು ಕೊಡುತ್ತಾರೆ? ತಳ ಮುಟ್ಟುವ ಉದ್ದ ಚಮಚ ತರಿಸಿ, ತಳದ ವರೆಗೆ ಹೋಗುವ ಬ್ರಷ್ಷನ್ನೂ ತರಿಸಿ. ಎರಡನೆಯದನ್ನು ಮರೆಯುವವರೇ ಜಾಸ್ತಿ. ಹಾಲು, ಲಸ್ಸಿ ಅಂಟಿದ ಗ್ಲಾಸನ್ನು ನೇರ ಬಿಸಿನೀರಿಗೆ ಹಾಕಿದರೆ ಹಾಲಿನ ಅಂಶ ಗಾಜಿಗೆ ಕಚ್ಚಿಕೊಳ್ಳುತ್ತದೆ. ಮೊದಲು ತಣ್ಣೀರಲ್ಲಿ ಜಾಲಿಸಿ, ಆಮೇಲೆ ಸೋಪು, ಬಿಸಿನೀರು. ಬೋರ್‌ವೆಲ್ ನೀರಿನ ಬಿಳಿ ಕಲೆಗೆ ನಿಂಬೆ ಉಪ್ಪು ಕದಡಿದ ನೀರಲ್ಲಿ ನೆನೆಸಿದರೆ ಸಾಕು.

7. ಎಲೆಗೆ ಬದಲಿ ಎಲೆಯೇ.
2016ರಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ಅವು ದೇಶಕ್ಕೇ ನಿಷಿದ್ಧ. ಪಾರ್ಸೆಲ್‌ಗೆ, ಸಮಾರಂಭಕ್ಕೆ ಅಡಿಕೆ ಹಾಳೆ ತಟ್ಟೆ ಗಟ್ಟಿ. ಮುತ್ತುಗದ ಎಲೆಗೆ ಪಲ್ಯ, ಚಿತ್ರಾನ್ನ ಸರಿ, ಸಾರು ಹಾಕಿದರೆ ಕಡ್ಡಿ ಚುಚ್ಚಿದಲ್ಲಿ ಸೋರುತ್ತದೆ. ಊಟಕ್ಕೆ ಬಾಳೆಲೆ, ತುದಿ ಉಣ್ಣುವವರ ಎಡಕ್ಕೆ. ಬಾಳೆಲೆಯ ಚಿತ್ರ ಅಚ್ಚಾದ ಪ್ಲಾಸ್ಟಿಕ್ ಲೇಪದ ಕಾಗದ ಬಂದಿದೆಯಲ್ಲ, ಅದನ್ನು ಬಿಸಿ ಅನ್ನದ ಕೆಳಗೆ ಹಾಸುವವರ ಧೈರ್ಯ ನನಗಿಲ್ಲ.

8. ಬೆರಳು ಲೋಟದ ಹೊರಗಿರಲಿ.
ಐದು ಲೋಟಕ್ಕೆ ಐದು ಬೆರಳು ಅದ್ದಿ ನೀರು ತಂದಿಡುವ ಹಳೆಯ ಶೈಲಿ ಈಗಲೂ ಸತ್ತಿಲ್ಲ. ಬೈದರೆ ಹೋಗುವುದೂ ಇಲ್ಲ. ತಂತಿಯ ಲೋಟ ಸ್ಟ್ಯಾಂಡ್ ತಂದುಕೊಡಿ, ಒಂದೇ ಸಲಕ್ಕೆ ಹೆಚ್ಚು ಲೋಟ ಸಾಗುತ್ತವೆಂದು ಗೊತ್ತಾದ ಮೇಲೆ ಅವರೇ ಅದನ್ನು ಹುಡುಕುತ್ತಾರೆ.

ಇನ್ನು ಗಿರಾಕಿಗಳಲ್ಲಿ ಒಂದು ವಿನಂತಿ. ಕೈ ಒರೆಸಿದ ಟಿಶ್ಯೂವನ್ನು ನೀರಿನ ಲೋಟದೊಳಗೆ ತುರುಕಬೇಡಿ, ಉಂಡ ತಟ್ಟೆಯಲ್ಲಿ ಕೈ ತೊಳೆಯಬೇಡಿ. ನೆಂದು ತಳಕ್ಕೆ ಅಂಟಿದ ಆ ಕಾಗದವನ್ನು ಕ್ಲೀನರ್ ಹುಡುಗ ಬೆರಳು ಹಾಕಿಯೇ ಕೆರೆದು ತೆಗೆಯಬೇಕು.